ಸುಬ್ಬಯ್ಯನ ಬೇರೆ ಮಡಕೆ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಸುಬ್ಬಯ್ಯನಷ್ಟು ಅನುಮಾನದ ಮನುಷ್ಯ ಇನ್ನೊಬ್ಬನಿರಲಿಲ್ಲ. ರೇಷ್ಮೆ ಕೊಟ್ಟವನನ್ನೂ ನಂಬ, ಸೀರೆ ಕೊಂಡವನನ್ನೂ ನಂಬ. ಇನ್ನು ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ, "ರಕ್ತದ ಒತ್ತಡ ಜಾಸ್ತಿ. ಉಪ್ಪು ಕಡಿಮೆ ಮಾಡಿ, ಮಾತ್ರೆ ಬಿಡಬೇಡಿ" ಎಂದ ಮದರಾಸಿನ ಡಾಕ್ಟರನ್ನು ನಂಬುತ್ತಾನೆಯೇ?

ಹೆಂಡತಿ ಮಹದೇವಮ್ಮ ಗಂಡನಿಗೆಂದು ಪುಟ್ಟ ಮಡಕೆಯಲ್ಲಿ ಸಪ್ಪೆ ಸಾರು ಬೇರೆಯೇ ಕಾಯಿಸಿದಳು. ಪಾಪ, ಪ್ರೀತಿಯಿಂದಲೇ. ಸುಬ್ಬಯ್ಯ ಮಾತ್ರ ಬೇರೆಯೇ ಅರ್ಥ ಮಾಡಿಕೊಂಡ. ಆ ಬೀದಿಯಲ್ಲಿ ಬೇರೆ ಮಡಕೆ ಇಡುತ್ತಿದ್ದುದು ಕ್ಷಯದವರಿಗೆ. ತನಗೂ ಕ್ಷಯ ಅಂಟಿದೆ, ಎಲ್ಲರೂ ಸೇರಿ ಮುಚ್ಚಿಟ್ಟಿದ್ದಾರೆ ಎಂದುಕೊಂಡ. ಬಾಯಿಬಿಟ್ಟು ಕೇಳಲಿಲ್ಲ. ಸಾಯುವವನಿಗೆ ಸಪ್ಪೆ ಯಾಕೆಂದು, ಉಪ್ಪಲ್ಲಿ ಊರಿಸಿ ಒಣಗಿಸಿದ ಮಜ್ಜಿಗೆ ಮೆಣಸಿನಕಾಯಿಯ ಡಬ್ಬಿಯನ್ನು, ನೇಯುವಾಗ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಲ್ಲಿ ಬಚ್ಚಿಟ್ಟುಕೊಂಡ. ತಲೆ ಸುತ್ತಿದ ದಿನ ಮಾತ್ರ ಮಾತ್ರೆ ನುಂಗುತ್ತಿದ್ದ.

ಒಂದು ಬೆಳಗ್ಗೆ ನೇಯುತ್ತಿದ್ದಾಗ ಲಾಳಿ ಕೈಯಿಂದ ಜಾರಿತು. ಬಲಗೈ ಮರಗಟ್ಟಿತು, ನಾಲಿಗೆ ತೊದಲಿತು. ಅವನನ್ನು ಗುಂಡಿಯಿಂದ ಎತ್ತುವಾಗ ಮಹದೇವಮ್ಮನ ಕಾಲಿಗೆ ಡಬ್ಬಿ ತಗುಲಿತು. ಗಾಡಿ ಕಟ್ಟಿಸಿ ಆಸ್ಪತ್ರೆಗೆ ಒಯ್ದರು. ಅದೃಷ್ಟ ನೆಟ್ಟಗಿತ್ತು, ಕೈಯೂ ಮಾತೂ ಮರಳಿದವು.

ಮನೆಗೆ ಬಂದ ಮೇಲೆ, ಸಪ್ಪೆ ಸಾರಿನ ಊಟಕ್ಕೆ ಕೂತ ಸುಬ್ಬಯ್ಯನ ಮುಂದೆ ಮಹದೇವಮ್ಮ ಡಬ್ಬಿ ಇಟ್ಟಳು. "ಇದೇನ್ರೀ ಇದು, ಗುಂಡಿಲಿ?"

"ಸಾಯೋನು ಏನ್ ತಿಂದ್ರೇನು? ಕ್ಷಯ ಅಲ್ದಿದ್ರೆ ನಂಗೊಬ್ಬಂಗೆ ಬ್ಯಾರೆ ಮಡಕೆ ಯಾಕಿಟ್ಟೆ?"

ಮಹದೇವಮ್ಮ ಅತ್ತೇಬಿಟ್ಟಳು. ಪಕ್ಕದ ಮನೆಯ ನರ್ಸು ವಿಜಯಮ್ಮ, ನೋಡಲು ಬಂದಿದ್ದವರು, ರೇಗಿದರು. "ಕ್ಷಯಾನೂ ಇಲ್ಲ, ಮಣ್ಣೂ ಇಲ್ಲ ಕಣಣ್ಣ. ಇದು ರಕ್ತದ ಒತ್ತಡ, ಅಂಟೋ ಕಾಯ್ಲೆನೇ ಅಲ್ಲ."

"ತಲೆ ಸುತ್ತದಿದ್ರೂ ಮಾತ್ರೆ ಯಾಕವ್ವ ಮತ್ತೆ?"

"ಒತ್ತಡ ಏರೋದು ಗೊತ್ತೇ ಆಗಕಿಲ್ಲ. ತಲೆ ಸುತ್ಲಿ ಅಂತ ಕಾದ್ರೆ ಲಕ್ವ ಹೊಡ್ದು ಕೈಯೇ ಓಯ್ತದೆ. ಈ ಸಲ ವಾಪಸ್ ಬಂತು. ಇನ್ನೊಂದ್ ಸಲ ಬತ್ತದೆ ಅಂತ ನಾ ಹೇಳಕಾಗಲ್ಲ."

ಸುಬ್ಬಯ್ಯ ತನ್ನ ಬೆರಳುಗಳನ್ನು ನೋಡಿಕೊಂಡ. ಆ ಬೆರಳು ನಿಂತರೆ ಮಗ್ಗ ನಿಂತಂತೆ. ಆದರೂ ಅನುಮಾನ ಬಿಡಬೇಕಲ್ಲ! "ದಿಟವಾಗ್ಲೂ ಅಂಟಕಿಲ್ವಾ?"

ಮಹದೇವಮ್ಮ ಕಣ್ಣೊರೆಸಿಕೊಂಡು ಅವನು ಉಣ್ಣುತ್ತಿದ್ದ ತಟ್ಟೆಗೇ ಕೈಹಾಕಿ ಒಂದು ತುತ್ತು ಬಾಯಿಗಿಟ್ಟುಕೊಂಡಳು. ಮುಖ ಕಿವುಚಿದಳು.

"ಅಯ್ಯೋ, ಇಷ್ಟು ಸಪ್ಪೆನಾ! ನಾಳೆಯಿಂದ ಮನೇಗೆಲ್ಲ ಒಂದೇ ಮಡಕೆ ಕಣ್ರಿ. ಉಪ್ಪು ಕಮ್ಮಿ ಹಾಕಿ ನಿಂಬೆಹಣ್ಣು ಹಿಂಡ್ತೀನಿ."

ಸುಬ್ಬಯ್ಯ ಆವತ್ತಿನಿಂದ ಮಾತ್ರೆ ತಪ್ಪಿಸಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಅನುಮಾನವಿದ್ದರೆ ನುಂಗಿಕೊಳ್ಳಬೇಡಿ, ಆಸ್ಪತ್ರೆಗೆ ಹೋಗಿ ಕೇಳಿ. ಚೆನ್ನಾಗಿದ್ದೇನೆಂದು ಮಾತ್ರೆ ಬಿಡಬೇಡಿ. ನಿಮ್ಮ ಮನೆಯಲ್ಲಿ ರಕ್ತದ ಒತ್ತಡದವರಿದ್ದರೆ ಅವರೊಬ್ಬರಿಗೇ ಸಪ್ಪೆ ಬಡಿಸಬೇಡಿ. ನೀವೂ ಜೊತೆಗೆ ಕೂತು ಅದನ್ನೇ ಉಣ್ಣಿ.