ಎಂಟನೆಯ ದಿನದ ನೀರು

ನೀರು ಬಿಡುವ ಕೆಲಸಕ್ಕೆ ಹೊಸದಾಗಿ ಬಂದ ಹನಮೇಶ ಮೂರನೆಯ ಕಡೆ ಹಾರೆ ಹಾಕಿ ಡಾಂಬರು ಎಬ್ಬಿಸಿದ. ಕೆಳಗೆ ಬರೀ ಕರಿಮಣ್ಣು.

"ಇಲ್ಲೂ ಇಲ್ರಿ ಅಕ್ಕಾರ," ಎಂದ, ದುರ್ಗಾಳ ಮುಖ ನೋಡಲಾಗದೆ.

ದುರ್ಗಾಳ ಅಪ್ಪ ಮೈಲಾರಿ ಆ ಬೆಳಿಗ್ಗೆ ತೀರಿಕೊಂಡಿದ್ದ. ನವನಗರದ ಹಿಂದಿನ ಈ ಬಡಾವಣೆಗೆ ಮೊದಲಿನಿಂದಲೂ ನೀರು ಬಿಟ್ಟವನು ಅವನೇ. ಎಂಟು ದಿನಕ್ಕೊಮ್ಮೆ ಬರುವ ನೀರು. ಇಂದು ಎಂಟನೆಯ ದಿನ. ಹೋದ ವಾರ ಅವನು ಹಾಸಿಗೆ ಹಿಡಿದಾಗಲೇ ರಸ್ತೆಗೆ ಹೊಸ ಡಾಂಬರು ಬಿದ್ದು, ವಾಲ್ವಿನ ಮುಚ್ಚಳ ಅದರಡಿ ಹೂತುಹೋಗಿತ್ತು. ಮುನ್ನೂರು ಮನೆಗಳ ಟಾಕಿ ಬರಿದು. ಹೆಣದ ಮೈ ತೊಳೆಯಲೂ ನೀರಿರಲಿಲ್ಲ.

"ಟ್ಯಾಂಕರಿಗೆ ಹೇಳೂಣೇನ್ರಿ?" ಸೋಮಪ್ಪ ಮಾಸ್ತರರು ಕೇಳಿದರು. ಬಡಾವಣೆಯ ಮೊದಲ ಮನೆ ಅವರದು.

ಕಟ್ಟೆಯ ಮೇಲೆ ಗಂಡನ ತಲೆಯ ಬಳಿ ಕೂತಿದ್ದ ಬೀರವ್ವ ಎದ್ದಳು. "ಬ್ಯಾಡ್ರಿ. ಅವರು ಬಿಡತಿದ್ದ ನೀರಾಗ ಅವರ ಮೈ ತೊಳಿಯೂಣು."

ಸೆರಗು ಬಿಗಿದು ರಸ್ತೆಗಿಳಿದಳು. ದುರ್ಗಾ ಹಿಂದೆ ಓಡಿದಳು. "ಯವ್ವಾ, ನಿನಗೇನ ಗೊತ್ತೈತಿ?"

*

ತೊಂಬತ್ತಮೂರರಲ್ಲಿ ಇಲ್ಲಿ ಜೋಳದ ಹೊಲಗಳ ನಡುವೆ ಮಾಸ್ತರರ ಮನೆಯೊಂದೇ ಇತ್ತು. ಪೈಪು ಹೂಳುತ್ತಿದ್ದ ಗಂಡನಿಗೆ ಬೀರವ್ವ ಬುತ್ತಿ ತಂದಿದ್ದಳು.

"ಇಲ್ಲಿ ನೀರ ಬಿಟ್ಟರ ಕುಡಿಯಾವರು ಯಾರ್ರಿ? ನರಿಗೋಳೇನು?"

ಮೈಲಾರಿ ನಗಲಿಲ್ಲ. "ಮನಿ ಬರ್ತಾವ ನೋಡ. ನಾ ಇಲ್ಲದಾಗ ಯಾರರೆ ಕೇಳಿದ್ರ ನೀ ಹೇಳಬೇಕು."

ಮಾಸ್ತರರ ಗೋಡೆಯ ಮೂಲೆಯಿಂದ ವಾಲ್ವಿನವರೆಗೆ ಹೆಜ್ಜೆ ಎಣಿಸುತ್ತ ನಡೆದ. ಅವಳೂ ಬೆನ್ನ ಹಿಂದೆ ಎಣಿಸಿದಳು. ಅವನ ಒಂಬತ್ತಕ್ಕೆ ಅವಳ ಹನ್ನೆರಡಾದವು.

*

ಮಾಸ್ತರರ ಗೋಡೆಯ ಮೂಲೆಯಿಂದ ಹನ್ನೆರಡನೆಯ ಹೆಜ್ಜೆಗೆ ಬೀರವ್ವ ನಿಂತಳು. "ಇಲ್ಲಿ ಹಾಕಪಾ ಹಾರಿ."

ಎರಡೇ ಏಟಿಗೆ ಕಬ್ಬಿಣ ಟಣ್ಣೆಂದಿತು.

"ಇಂಥಾ ವಾಲ್ವ ಇನ್ನೂ ಹದಿನಾಕ ಅದಾವ," ಎಂದಳು ಬೀರವ್ವ. "ಎಲ್ಲಾ ತೋರಿಸ್ತೇನಿ. ಮೊದಲ ಇದನ್ನ ತಿರುವು."

ದುರ್ಗಾ ಅವ್ವನ ಪಾದಗಳನ್ನೇ ನೋಡಿದಳು. ರೇಶನ್ ಕಾರ್ಡಿಗೆ ಹೆಬ್ಬೆಟ್ಟು ಒತ್ತುವ ಅವ್ವ, ನೆಲದಡಿಯ ಇಡೀ ಬಡಾವಣೆಯನ್ನು ಇಷ್ಟು ವರ್ಷ ಯಾರಿಗೂ ಹೇಳದೆ ಕಾಲಲ್ಲಿ ಇಟ್ಟುಕೊಂಡಿದ್ದಳು.

ಹನಮೇಶ ಚಾವಿ ತಿರುವಿದ. ಕಾಲ ಕೆಳಗೆ ಗುಡುಗಿನಂಥ ಸದ್ದು ಹೊರಟು ದೂರ ಸರಿಯಿತು. ಸುತ್ತಲಿನ ಮೂರು ಓಣಿಗಳಲ್ಲಿ ನಳಗಳು ಕೆಮ್ಮಿದವು, ಉಗುಳಿದವು, ಸುರಿದವು.

ಮೊದಲು ಬಂದವಳು ಪಕ್ಕದ ಮನೆಯ ರೆಹಮತ್‌ಬಿ. ತುಂಬಿದ ಕೊಡವನ್ನು ಮೈಲಾರಿಯ ಕಾಲ ಬಳಿ ಇಳಿಸಿದಳು. "ನಮ್ಮ ಮನಿ ಮೊದಲ ಕೊಡಾ ಇದು, ಅಕ್ಕಾ."

ದುರ್ಗಾ ತಿರುಗಿ ನೋಡಿದಳು. ಮೂರೂ ಓಣಿಗಳಿಂದ ಹೆಂಗಸರು ಬರುತ್ತಿದ್ದರು. ಸೊಂಟದ ಕೊಡಗಳು ತುಳುಕಿ, ರಸ್ತೆಯ ಮೇಲೆ ಒದ್ದೆ ಗೆರೆಗಳು ಎಲ್ಲ ಕಡೆಯಿಂದ ಅಪ್ಪ ಮಲಗಿದ್ದ ಕಟ್ಟೆಯ ಕಡೆಗೆ ಬೆಳೆಯುತ್ತ ಬರುತ್ತಿದ್ದವು.