ತಪ್ಪು ಜಾಗದ ಹದಿನಾರು ಪುಟ

ಗಂಡನ ಉಗುರಿನ ಸಂದಿಯಲ್ಲಿ ಒಣಗಿ ಕೂತಿದ್ದ ಅಂಟನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದವಳ ಕೈಯನ್ನು ನರ್ಸಕ್ಕ ಹಿಡಿದುಕೊಂಡಳು.

"ಬಿಡಿ ಅತ್ತಿಗೆ. ನಲವತ್ತು ವರ್ಷದ ಅಂಟು ಅದು. ಹೋಗ್ಬಿಟ್ರೆ ನಮಗೆ ಅವರ ಗುರುತೇ ಸಿಗಲ್ಲ."

ಅವಳಿಗೆ ನಗು ಬಂತು. ನಕ್ಕಿದ್ದಕ್ಕೆ ತಾನೇ ನಾಚಿಕೊಂಡು ಬಟ್ಟೆಯನ್ನು ಬಟ್ಟಲಿಗೆ ಹಾಕಿದಳು. ಊರಿನ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ಹೊಲಿದು ರಟ್ಟು ಕಟ್ಟುತ್ತಿದ್ದ ಮನುಷ್ಯ ಆತ. ಓದಲು ಬರುವವರೆಲ್ಲ ಗೋಂದಣ್ಣ ಎನ್ನುತ್ತಿದ್ದರು. ಎದುರಿಗೇ ಹಾಗೆ ಕರೆದರೂ ಬೇಜಾರು ಮಾಡಿಕೊಂಡವನಲ್ಲ. ನಿನ್ನೆ ಮಧ್ಯಾಹ್ನ, ಯಾರಿಗೂ ತೊಂದರೆ ಕೊಡದೆ ಕಣ್ಣು ಮುಚ್ಚಿದ್ದ.

ಹನ್ನೊಂದಕ್ಕೆ ಗಾಡಿ ಬರುವುದಿತ್ತು. ಅಷ್ಟರೊಳಗೆ ಅವಳು ಒಂದು ಮಾತು ಹೇಳಿ ಮುಗಿಸಬೇಕಿತ್ತು. ಹೋಗುವ ಮುಂಚೆ ಗಂಡ ಅವಳಿಂದ ಭಾಷೆ ತೆಗೆದುಕೊಂಡಿದ್ದ. ಬೆಳಗಿನಿಂದ ಅದನ್ನು ಮುಂದೂಡುತ್ತಲೇ ಇದ್ದಳು. ಹೇಳಿದರೆ ಅವನು ಇವತ್ತೇ, ಹೀಗೆ ಮಲಗಿರುವಾಗಲೇ, ನಗೆಪಾಟಲಿಗೀಡಾಗುತ್ತಾನೆ. ಹೇಳದಿದ್ದರೆ ಕೊಟ್ಟ ಭಾಷೆ ತಪ್ಪಿದಂತಾಗುತ್ತದೆ. ಎರಡಕ್ಕೂ ಅವಳಿಗೆ ಮನಸ್ಸಿರಲಿಲ್ಲ.

ಹೇಳಬೇಕಾಗಿದ್ದ ಮೂವರೂ ಎದುರಿಗೇ ಕೂತಿದ್ದರು. ನರ್ಸಕ್ಕ, ಬಸ್ಸು ಓಡಿಸಿ ನಿವೃತ್ತನಾದ ಡ್ರೈವರಣ್ಣ, ಗ್ರಂಥಾಲಯ ನೋಡಿಕೊಳ್ಳುವ ಲೈಬ್ರರಿಯಮ್ಮ. ಲೈಬ್ರರಿಯಮ್ಮನ ತೊಡೆಯ ಮೇಲೆ ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಚೀನಾದ ಅರಮನೆಯ ಕತೆ. ಈ ಮೂವರ ಮಾತು ಎಲ್ಲಿಂದ ಹೊರಟರೂ ಬಂದು ನಿಲ್ಲುವುದು ಅದರ ಹತ್ತಿರವೇ. ಸಾವಿನ ಮನೆಯಲ್ಲಾದರೂ ಸುಮ್ಮನಿರುತ್ತಾರೆ ಎಂದುಕೊಂಡರೆ ಅದೂ ಸುಳ್ಳಾಯಿತು.

"ರೇಷ್ಮೆ ನೇಯೋರ ಮನೆ ಹುಡುಗಿ," ಎಂದ ಡ್ರೈವರಣ್ಣ. "ಒಂಬತ್ತು ಬಾಗಿಲು ದಾಟಿ ಒಳಗೆ ಹೋಗ್ತಾಳಲ್ಲ, ಒಂದೊಂದು ಬಾಗಿಲಲ್ಲೂ ಒಂದೊಂದು ಕಸ್ಕೋತಾರೆ. ಚಪ್ಪಲಿ, ಬಾಚಣಿಗೆ, ಕೊನೆಗೆ ಹೆಸರು. ಓದಿದ ಮೇಲೆ ಡಿಪೋ ಗೇಟು ದಾಟೋವಾಗೆಲ್ಲ ನಂಗೆ ಅದೇ ನೆನಪಾಗ್ತಿತ್ತು."

"ನಿಮ್ಮ ಹತ್ರ ಏನು ಕಸ್ಕೊಂಡ್ರು?" ಎಂದಳು ನರ್ಸಕ್ಕ.

"ರಜೆ."

"ನಂಗಂತೂ ರುಚಿ ನೋಡೋ ಮುದುಕ ಇಷ್ಟ," ಎಂದಳು ನರ್ಸಕ್ಕ. "ವಿಷ ಇದೆಯೋ ಇಲ್ವೋ ಅಂತ ದಿನಾ ಮೊದಲ ತುತ್ತು ಅವನದು. ಆದ್ರೂ ಉಪ್ಪು ಕಮ್ಮಿ ಅಂತ ಜಗಳ ತೆಗೀತಾನಲ್ಲ! ಭೂಪ."

ಲೈಬ್ರರಿಯಮ್ಮ ಪುಸ್ತಕದ ಮೇಲೆ ಕೈ ಆಡಿಸಿದಳು. "ಏನೇ ಅನ್ನಿ, ಆ ಒಂದು ಜಾಗದ ಮುಂದೆ ಮಿಕ್ಕಿದ್ದೆಲ್ಲ ಸಪ್ಪೆ. ಅರ್ಧ ಪುಸ್ತಕಕ್ಕೇ ಮಹಾರಾಣಿ ಸಾಯ್ತಾಳೆ. ಹಾಳೆ ತಿರುಗಿಸಿದ್ರೆ ಬದುಕಿರ್ತಾಳೆ. ಯಾಕೆ, ಹೇಗೆ, ಒಂದು ಮಾತಿಲ್ಲ. ಪುಸ್ತಕ ಮುಗಿಯೋ ತನಕ ಆಳ್ತಾಳೆ. ಎಂಥಾ ಎದೆಗಾರಿಕೆ ಬರೆದವನಿಗೆ! ಗಾಡಿ ಬರೋ ಮುಂಚೆ ಅದನ್ನೇ ಓದ್ತೀನಿ ಅತ್ತಿಗೆ. ನಮ್ಮ ಗೋಂದಣ್ಣನೇ ಕಟ್ಟಿದ ಪುಸ್ತಕ ಇದು."

ಅವಳು ಗಂಡನ ಮುಖ ನೋಡಿದಳು. ಇಡೀ ಪುಸ್ತಕದಲ್ಲಿ ಇವರಿಗೆ ಸಿಕ್ಕಿದ್ದು ಅದೇ ಜಾಗವೇ?

*

ಆರು ವರ್ಷದ ಹಿಂದೆ ಆ ಪುಸ್ತಕ ಗೆದ್ದಲು ತಿಂದು ಮನೆಗೆ ಬಂದಿತ್ತು. ಗಂಡ ಹೊಲಿಗೆ ಬಿಚ್ಚಿ ಹದಿನಾರು ಪುಟದ ಒಂದೊಂದು ಫಾರಂ ಬೇರೆ ಮಾಡಿ, ಗೆದ್ದಲು ತಿಂದಿದ್ದ ಕೆಳಗಿನ ಅಂಚನ್ನು ಎರಡು ಬೆರಳಗಲ ಕತ್ತರಿಸಿ ತೆಗೆದ. ಪುಟಸಂಖ್ಯೆ ಇದ್ದದ್ದೂ ಆ ಅಂಚಿನಲ್ಲೇ. ಅದು ಅವನಿಗೆ ಗೊತ್ತಿತ್ತು. ಹಾಗಾಗಿ ಫಾರಂಗಳನ್ನು ಒಂದರ ಮೇಲೊಂದು ಕ್ರಮವಾಗಿ ಜೋಡಿಸಿಟ್ಟು, ಸೂಜಿಗೆ ದಾರ ಹಾಕುತ್ತ ಕೂತಿದ್ದ. ಅವನು ಬೆವರುವುದನ್ನು ನೋಡಲಾರದೆ ಅವಳು ಫ್ಯಾನು ಹಾಕಿದಳು.

ಮನೆ ತುಂಬ ಚೀನಾ ದೇಶ ಹಾರಾಡಿತು. ಇಬ್ಬರೂ ಮಂಡಿಯೂರಿ ಆಯ್ದರು. ಸಾಲಿಗೆ ಸಾಲು ಕೂಡುತ್ತದೆಯೇ ಎಂದು ನೋಡಿ ನೋಡಿ ಅವನು ಮತ್ತೆ ಜೋಡಿಸಿದ. ಒಂದು ಫಾರಂ ಮಾತ್ರ ಯಾಮಾರಿಸಿತು. ಅದರಲ್ಲಿದ್ದದ್ದು ಸರಿಯಾಗಿ ಒಂದು ಅಧ್ಯಾಯ, ಆ ಪುಸ್ತಕದ ಕೊನೆಯ ಅಧ್ಯಾಯ. ಅಧ್ಯಾಯಗಳಿಗೆ ನಂಬರಿಲ್ಲ, ತಲೆಯ ಮೇಲೊಂದು ಹೂವಿನ ಚಿತ್ರ ಅಷ್ಟೆ. ನಡುವೆ ಇನ್ನೊಂದು ಅಧ್ಯಾಯ ಮುಗಿಯುವಲ್ಲಿ ಅದು ಸರಾಗವಾಗಿ ಕೂತುಬಿಟ್ಟಿತು. ಹೀಗಾಗಿ ಕೊನೆಗೆ ಸಾಯಬೇಕಾಗಿದ್ದ ಮಹಾರಾಣಿ ನಡುವೆಯೇ ಸತ್ತಳು.

ಒಂದು ವರ್ಷ ಅದು ಅವನಿಗೂ ಗೊತ್ತಾಗಲಿಲ್ಲ. ಆಮೇಲೊಂದು ಸಂಜೆ ಅವನು ಆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದ. ಗ್ರಂಥಾಲಯದ ಮೂಲೆಯಲ್ಲಿ ಕೂತು ಹೊಲಿಯುವಾಗ ಕಿವಿಗೆ ಬಿದ್ದ ನರ್ಸಕ್ಕನ ಮಾತನ್ನು ಹೆಂಡತಿಗೆ ಹೇಳಿದ.

"ಅವರಮ್ಮ ತೀರಿಕೊಂಡ ಮಾರನೇ ದಿನ ಅಡುಗೆಮನೆಯಿಂದ ಅಮ್ಮ ಬೈಯೋದು ಕೇಳಿಸ್ತಂತೆ ಕಣೆ. ಒಂದು ತಿಂಗಳು ಹಾಗೇ. ತಲೆ ಕೆಟ್ಟಿದೆ ಅಂದ್ಕೊಂಡಿದ್ರಂತೆ. ಈ ಪುಸ್ತಕದಲ್ಲಿ ಸತ್ತ ಮಹಾರಾಣಿ ಮತ್ತೆ ಮಾತಾಡೋದನ್ನ ಓದಿದ ಮೇಲೆ, ನನ್ನ ಹಾಗೇ ಇನ್ನೊಬ್ಬರಿಗೂ ಆಗಿದೆ ಅಂತ ಸಮಾಧಾನ ಆಯ್ತಂತೆ."

ಪುಸ್ತಕ ಬಿಚ್ಚಿ ಸರಿಮಾಡಲೆಂದೇ ತಂದಿದ್ದ. ಬ್ಲೇಡನ್ನು ದಾರದ ಮೇಲಿಟ್ಟುಕೊಂಡು ಎಷ್ಟೋ ಹೊತ್ತು ಕೂತ.

"ಆಗಲ್ಲ ಕಣೆ. ಇದನ್ನ ಕತ್ತರಿಸಿದ್ರೆ ಆ ಹೆಣ್ಣುಮಗಳ ಅಮ್ಮ ಇನ್ನೊಂದ್ಸಲ ಸಾಯ್ತಾಳೆ."

ಮಾರನೆಯ ದಿನ ಪುಸ್ತಕ ಇದ್ದ ಹಾಗೆಯೇ ಕಪಾಟು ಸೇರಿತು. ಆದರೆ ಕಟ್ಟುವ ಕೆಲಸದಲ್ಲಿ ಒಂದು ಹಾಳೆ ಸೊಟ್ಟಗಾದರೂ ಊಟ ಸೇರದ ಮನುಷ್ಯ. ಐದು ವರ್ಷ ಅದನ್ನು ಒಳಗೇ ಇಟ್ಟುಕೊಂಡು ಕೊರಗಿದ. ಕಳೆದ ವಾರ ಅವಳ ಕೈ ಹಿಡಿದು, "ನಾನು ಹೋದ್ಮೇಲೆ ಹೇಳ್ಬಿಡು, ಕ್ಷಮೆ ಕೇಳು" ಎಂದಿದ್ದ. ಫ್ಯಾನಿನ ಮಾತನ್ನು ಮಾತ್ರ ಅವನು ಒಮ್ಮೆಯೂ ಎತ್ತಲಿಲ್ಲ.

*

ಲೈಬ್ರರಿಯಮ್ಮ ಕನ್ನಡಕ ಹಾಕಿಕೊಂಡು ಪುಸ್ತಕ ಬಿಚ್ಚಿದಳು.

"ಓದ್ಬೇಡಿ," ಎಂದಳು ಗೋಂದಣ್ಣನ ಹೆಂಡತಿ. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ಅದು ಬರೆದವರು ಮಾಡಿದ್ದಲ್ಲ. ಇವರು ಮಾಡಿದ್ದು. ತಪ್ಪಾಗಿ ಹೊಲಿದ್ರು. ಆ ಅಧ್ಯಾಯ ಕೊನೇಲಿ ಬರ್ಬೇಕಿತ್ತು. ನಿಮ್ಮನ್ನೆಲ್ಲ ಕ್ಷಮೆ ಕೇಳು ಅಂದಿದ್ರು. ಹಾಳೆ ಚೆಲ್ಲಾಪಿಲ್ಲಿ ಆಗಿದ್ದು ನನ್ನಿಂದ, ಫ್ಯಾನು ಹಾಕಿದ್ದು ನಾನು. ಬೈಯೋದಾದ್ರೆ ನನ್ನ ಬೈಯಿರಿ, ಇವರನ್ನ ನೋಡಿ ನಗಬೇಡಿ. ನಾಳೆ ಪುಸ್ತಕ ಕೊಟ್ಟುಬಿಡಿ, ಬಿಚ್ಚಿ ಸರಿಮಾಡ್ತೀನಿ. ಹೊಲಿಗೆ ನಂಗೂ ಬರುತ್ತೆ."

ಯಾರೂ ನಗಲಿಲ್ಲ. ಅವಳು ನೋಡುತ್ತಿದ್ದದ್ದು ನರ್ಸಕ್ಕನ ಮುಖವನ್ನು.

"ಇಷ್ಟು ವರ್ಷ ಆ ಬರೆದವನಿಗೆ ಮನಸ್ಸಲ್ಲೇ ಕೈ ಮುಗೀತಿದ್ದೆ," ಎಂದಳು ನರ್ಸಕ್ಕ ಮೆಲ್ಲಗೆ. "ಇವರು ನಾಲ್ಕು ಮಾರು ಆಚೆ ಕೂತು ಹೊಲೀತಿದ್ರಲ್ಲ ಅತ್ತಿಗೆ! ಒಂದು ಲೋಟ ನೀರು ಬೇಕಾ ಅಂತಾನೂ ನಾನು ಕೇಳ್ಲಿಲ್ಲ." ಅಷ್ಟು ಹೇಳಿ ಬಿಕ್ಕಿ ಬಿಕ್ಕಿ ಅತ್ತಳು.

"ಬಿಚ್ಚೋದಂತೆ!" ಡ್ರೈವರಣ್ಣ ಎದ್ದೇ ನಿಂತ. "ಯಾರಾದ್ರೂ ಒಂದು ದಾರ ಮುಟ್ಟಿ ನೋಡ್ಲಿ. ಸರಿಯಾದ್ದು ಓದೋ ಆಸೆ ಇರೋರು ಬೇರೆ ತರಿಸ್ಕೊಳ್ಲಿ."

ಹೊರಗೆ ಗಾಡಿ ಬಂದು ನಿಂತಿತು. ಗಾಡಿಯವನು ಬಾಗಿಲಿಂದ ಇಣುಕಿದ. ಡ್ರೈವರಣ್ಣ ಸ್ವಲ್ಪ ತಡೆಯುವಂತೆ ಅವನಿಗೆ ಕೈಸನ್ನೆ ಮಾಡಿದ.

ಲೈಬ್ರರಿಯಮ್ಮ ಓದತೊಡಗಿದಳು. ಮಹಾರಾಣಿಯ ಉಸಿರು ಸಣ್ಣದಾಯಿತು. ಒಂಬತ್ತು ಬಾಗಿಲುಗಳನ್ನೂ ಒಂದೊಂದಾಗಿ ಮುಚ್ಚಿದರು. ಸಖಿಯರು ದೀಪ ಆರಿಸಿದರು. ಪುಟ ಮುಗಿಯಿತು. ಹಾಳೆ ತಿರುಗಿಸಲು ಲೈಬ್ರರಿಯಮ್ಮನ ಕೈ ಮೇಲೇಳಲಿಲ್ಲ.

ಗಂಡನ ಪಕ್ಕದಲ್ಲಿ ಕೂತಿದ್ದವಳು ಮುಂದಕ್ಕೆ ಬಾಗಿದಳು. ಬೆರಳನ್ನು ನಾಲಗೆಗೆ ತಾಗಿಸಿ ತಾನೇ ಹಾಳೆ ತಿರುಗಿಸಿದಳು.

"ಓದಿ," ಎಂದಳು.

"ಬೆಳಗಾಯಿತು," ಲೈಬ್ರರಿಯಮ್ಮ ಮೂಗೊರೆಸಿಕೊಂಡು ಓದಿದಳು. "ಮಹಾರಾಣಿ ಕನ್ನಡಿಯ ಮುಂದೆ ಕುಳಿತು ತಲೆ ಬಾಚಿಸಿಕೊಳ್ಳುತ್ತ, ಚಹಾ ಆರಿಹೋಗಿದೆ, ಬೇರೆ ತನ್ನಿ ಎಂದು ಗದರಿದಳು."