ಮ್ಯಾನೇಜರ್ ಕೈ ಕೊಟ್ಟ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಅಂಗಡಿಯ ಮ್ಯಾನೇಜರ್ ಒಂದು ನಾಯಿ. ಹದಿಮೂರು ವರ್ಷದ ಮುದುಕ. ನಾವು ಗಂಡ ಹೆಂಡತಿ ಹಳೆಯ ಸೋಫಾ, ಕುರ್ಚಿ ರಿಪೇರಿ ಮಾಡುತ್ತೇವೆ. ಮರ, ಬೆತ್ತದ ಕೆಲಸ ಅವರದು; ಸ್ಪಂಜು, ಬಟ್ಟೆ, ಹೊಲಿಗೆ ನನ್ನದು. ಇವನು ಬಾಗಿಲ ಬಳಿ ಮಲಗಿ, ಯಾರು ಕೆಲಸ ಮಾಡುತ್ತಿದ್ದಾರೆ, ಯಾರು ಹರಟುತ್ತಿದ್ದಾರೆ ಎಂದು ಒಂದೇ ಕಣ್ಣು ತೆರೆದು ನೋಡುತ್ತಾನೆ. ಅದಕ್ಕೇ ಆ ಹೆಸರು. ಸಂಬಳ ಮಾತ್ರ ಬಿಸ್ಕತ್ತಿನಲ್ಲಿ.

ಅಂಗಡಿಯ ಹಿಂದೆಯೇ ಮನೆ, ಮನೆಯಲ್ಲಿ ಅತ್ತೆ. ಅತ್ತೆಗೆ ಮಂಡಿ ಆಪರೇಷನ್ ಆಗಿತ್ತು. ದಿನಾ ನಡೆಯಬೇಕು, ಮಂಡಿ ಬಗ್ಗಿಸಬೇಕು, ಈಗ ಬಿಟ್ಟರೆ ಬಿಗಿದುಕೊಂಡು ಮತ್ತೆ ಬಗ್ಗುವುದೇ ಇಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅತ್ತೆ ಯಾರ ಮಾತು ಕೇಳಿದವರು? ನಾನು ಕೈ ಹಿಡಿಯಲು ಹೋದರೆ "ಬಿಡೇ, ನಾನೇನು ಅಂಬೆಗಾಲಿಡೋ ಮಗುನಾ?" ಎಂದು ಕೊಡವುತ್ತಿದ್ದರು. ಈ ಮನೆಗೆ ಬಂದಾಗಿನಿಂದ ಆ ಕೈ ನನಗೆ ಸಿಕ್ಕಿದ್ದೇ ಇಲ್ಲ. ಆದರೆ ಮ್ಯಾನೇಜರ್ ಎದ್ದು ಮೈ ಕೊಡವಿ ಬಾಗಿಲ ಕಡೆ ನೋಡಿದರೆ ಸಾಕು, ಅತ್ತೆಯೂ ಕೋಲು ಹಿಡಿದು ಎದ್ದುಬಿಡುತ್ತಿದ್ದರು. ಬೀದಿಯ ತಿರುವಿನಲ್ಲಿ ಒಂದು ಕಲ್ಲುಬೆಂಚಿದೆ. ಅಲ್ಲಿಯವರೆಗೆ ಹೋಗುವುದೇ ಗುರಿ. ಇಬ್ಬರೂ ಅರ್ಧ ದಾರಿಯ ದೀಪದ ಕಂಬದವರೆಗೆ ಹೋಗಿದ್ದರು. ಅಷ್ಟರಲ್ಲಿ ಮ್ಯಾನೇಜರ್ ಮುಂಗಾಲಿನಲ್ಲಿ ಕುಂಟತೊಡಗಿದ.

"ಅವನು ಬರದಿದ್ರೆ ನಾನೂ ಬರಲ್ಲ," ಎಂದರು ಅತ್ತೆ. "ಮುದುಕನ್ನ ಬಿಟ್ಟು ಮುದುಕಿ ಹೋಗ್ತಾಳಾ?"

ಅತ್ತೆ ಮಂಚದ ಮೇಲೆ ಕೂತು ಅವನನ್ನು ಕರೆದರು. ಮರಿಯಾಗಿದ್ದಾಗ ಅವನಿಗೆ ಇದ್ದಬದ್ದ ವಿದ್ಯೆಯೆಲ್ಲ ಕಲಿಸಿದವರು ಅವರೇ.

"ಎಲ್ಲೋ ನೋವು, ನನ್ನಪ್ಪಾ? ಕೈ ಕೊಡು."

ಮ್ಯಾನೇಜರ್ ಬಲಗೈ ಎತ್ತಿ ಕೊಟ್ಟ. ತಿರುಗಿಸಿ ನೋಡಿದರೆ ಅಂಗಾಲಿನ ಮೆತ್ತೆಯಲ್ಲಿ ಒಂದು ಒಣಗಿದ ಬಿರುಕು. "ಸಿಕ್ತು!" ಎಂದು ನಾನು ಕೂಗಿದೆ. ಗಡ್ಡೆಯೇನೋ, ಮೂಳೆಯೇನೋ ಎಂದು ಹೆದರಿದ್ದೆ. ಬರೀ ಬಿರುಕು ಎಂದರೆ ಹಬ್ಬವೇ ಅಲ್ಲವೇ?

ನಾಯಿ ಡಾಕ್ಟರಿಗೆ ಫೋನ್ ಮಾಡಿದೆ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ತೊಳೆಯಿರಿ, ಬೆರಳ ಸಂದಿ ಒಣಗಿಸಿ, ಸಡಿಲವಾಗಿ ಬಟ್ಟೆ ಸುತ್ತಿ, ಕಡಿಮೆಯಾಗದಿದ್ದರೆ ಕರಕೊಂಡು ಬನ್ನಿ ಎಂದರು. ನಾನು ಅಷ್ಟಕ್ಕೇ ಬಿಡುವವಳಲ್ಲ. ಒಬ್ಬ ಗಿರಾಕಿಯ ಸೋಫಾಗೆ ತಂದಿದ್ದ ಕೆಂಪು ರೆಕ್ಸಿನ್‌ನಲ್ಲಿ ಒಂದು ತುಂಡು ಮಿಕ್ಕಿತ್ತು. ಒಳಗೆ ಮೆತ್ತನೆಯ ಸ್ಪಂಜು ಇಟ್ಟು, ಮೇಲೆ ವೆಲ್ಕ್ರೋ ಪಟ್ಟಿ ಹೊಲಿದು ಬೂಟು ಮಾಡಿದೆ. ಮೊದಲ ಸಲ ಹಾಕಿದಾಗ ನೆಲದ ಮೇಲೆ ಜಾರಿ ಮುಗ್ಗರಿಸಿದ. ರೆಕ್ಸಿನ್ ಮಗುಚಿ, ಒರಟು ಬದಿ ಹೊರಗೆ ಬರುವಂತೆ ಮತ್ತೆ ಹೊಲಿದೆ. ಆಮೇಲೆ ನೋಡಬೇಕಿತ್ತು ಅವನ ಠೀವಿಯನ್ನು! ಗಿರಾಕಿಗಳು ಸೋಫಾ ಬಿಟ್ಟು ಬೂಟಿನ ರೇಟು ಕೇಳಿದರು.

ಆದರೆ ಕುಂಟು ಹೋಗಲಿಲ್ಲ. ದಿನಾ ಬೆಳಿಗ್ಗೆ "ಕೈ ಕೊಡು" ಎನ್ನುತ್ತಿದ್ದೆ, ಅವನು ಕೊಡುತ್ತಿದ್ದ, ತೊಳೆಯುತ್ತಿದ್ದೆ, ಒರೆಸುತ್ತಿದ್ದೆ. ವಾರ ಕಳೆಯುವಷ್ಟರಲ್ಲಿ ಕುಂಟು ಇನ್ನೂ ಹೆಚ್ಚಾಯಿತು. ಕೈ ಕೊಡುವಾಗ ನಡುಗಿ ಗೋಡೆಗೆ ಒರಗುತ್ತಿದ್ದ.

"ವಯಸ್ಸಾಯ್ತು ಕಣೇ," ಎಂದರು ನಮ್ಮನೆಯವರು, ಉಜ್ಜುಕಾಗದ ಕೆಳಗಿಟ್ಟು. "ಮೂಳೆದೇ ಇರಬೇಕು."

"ವಯಸ್ಸು ಎಲ್ಲಾ ಕಾಲಿಗೂ ಒಂದೇ ಸಲ ಆಗ್ಬೇಕಲ್ಲ? ಒಂದೇ ಕಾಲಿಗೆ ಆಗುತ್ತಾ?" ಎಂದು ರೇಗಿದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆ ಸಿಟ್ಟಿನ ಕೆಳಗೆ ಇದ್ದದ್ದು ಭಯ. ಅತ್ತೆ ವಾರದಿಂದ ಮಂಚ ಬಿಟ್ಟಿರಲಿಲ್ಲ. ಹಿಂದಿನ ರಾತ್ರಿ ಕಾಲು ಕೆಳಗಿಳಿಸಲು ಹೋಗಿ, ಮಂಡಿ ಬಗ್ಗದೆ, ನಾನು ನೋಡುತ್ತಿಲ್ಲ ಎಂದುಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದರು. ನಮ್ಮಿಬ್ಬರಿಗೂ ಎಣ್ಣೆ ಸೀಗೆಕಾಯಿ ಎಂದು ಜನ ಹೇಳುತ್ತಾರೆ. ಹೇಳಲಿ. ಅವರ ಕಣ್ಣೀರು ನನ್ನಿಂದ ನೋಡಲಾಗಲಿಲ್ಲ.

ಮರುದಿನ ಸಿಟ್ಟಿನಲ್ಲೇ ಒಂದು ಹಳೇ ಸೋಫಾ ಬಿಚ್ಚಿದೆ. ಒಳಗಿನ ಸ್ಪಂಜು ಒಣಗಿ ಲಡ್ಡಾಗಿ, ಮುಟ್ಟಿದರೆ ಹಳದಿ ಪುಡಿ. ನೆಲವೆಲ್ಲ ಹಿಟ್ಟು ಚೆಲ್ಲಿದ ಹಾಗಾಯಿತು. ಪೊರಕೆ ತರಲು ಹೋಗಿ ಬರುವಷ್ಟರಲ್ಲಿ ಮ್ಯಾನೇಜರ್ ಆ ಪುಡಿಯ ಮೇಲೇ ನಡೆದು ಅತ್ತೆಯ ಕೋಣೆಗೆ ಹೋಗಿದ್ದ.

"ನಿಂಗೆ ಇದೇ ದಾರಿ ಸಿಕ್ತಾ!" ಎಂದು ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ.

ಹಿಂಗಾಲಿನ ಗುರುತು ಎರಡೂ ಸ್ಪಷ್ಟ. ಬಲ ಮುಂಗಾಲಿನ ಬೂಟು ಪುಡಿಯಲ್ಲಿ ಊರಿ ಊರಿ, ಮುದ್ರೆ ಒತ್ತಿದಂತಿದೆ. ಎಡ ಮುಂಗಾಲಿನದು? ಬರೀ ಉಗುರಿನ ಚುಕ್ಕಿಗಳು! ನೋವಿರುವ ಕಾಲನ್ನು ಯಾರಾದರೂ ಹಾಗೆ ಊರುತ್ತಾರಾ? ನೋವಿಲ್ಲದ್ದನ್ನು ಹಾಗೆ ತೇಲಿಸುತ್ತಾರಾ?

"ಅತ್ತೇ!" ಪೊರಕೆ ಹಿಡಿದೇ ಓಡಿದೆ. "ಅತ್ತೇ, ತಪ್ಪು ಕಾಲು! ಇಷ್ಟೆಲ್ಲ ಆಗಿರೋದು ಸರಿಯಾಗಿರೋ ಕಾಲಿಗೆ!"

ಅತ್ತೆಯ ಮುಖ ಬಿಳಿಚಿಕೊಂಡಿತು. ಎರಡೂ ಕೈಯಲ್ಲಿ ಮಂಡಿ ಹಿಡಿದುಕೊಂಡರು. "ಅಯ್ಯಯ್ಯೋ! ನಾನು ಆವತ್ತೇ ಅಂದ್ಕೊಂಡೆ, ಆ ಡಾಕ್ಟರಿಗೆ ಕನ್ನಡಕ ಇರಲಿಲ್ಲ!"

"ನಿಮ್ದಲ್ಲಾ! ಮ್ಯಾನೇಜರ್‌ದು!"

ನಮ್ಮನೆಯವರು ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಎಮ್ಮೆಗೆ ಬೂಟು ಬೇರೆ!"

ನಾನು ಆಗಲೇ ನೆಲಕ್ಕೆ ಕೂತು ಎಡಗಾಲಿನ ಕೂದಲು ಬಿಡಿಸುತ್ತಿದ್ದೆ. ಮುದುಕನಿಗೆ ಬೆರಳ ಸಂದಿಯಲ್ಲಿ ಹತ್ತಿಯ ಹಾಗೆ ಕೂದಲು. ಅದರ ಆಳದಲ್ಲಿ ಕೆಂಪಗೆ ಊದಿಕೊಂಡ ಜಾಗ, ನಡುವೆ ಕಪ್ಪು ಮೊನೆ. ಬೆತ್ತದ ಸಿಬಿರು. ನಮ್ಮನೆಯವರ ನಗು ಅಲ್ಲಿಗೇ ನಿಂತಿತು, ಏಕೆಂದರೆ ಬೆತ್ತ ಅವರ ಇಲಾಖೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಎನ್ನುತ್ತಾರೆ. ನಮಗೆ ಬೇಕಿತ್ತು ನೋಡಿ, ಪುಡಿ ಚೆಲ್ಲಿದ ನೆಲದಷ್ಟು ದೊಡ್ಡದು.

ಅಂಗಡಿಯ ಗಾಡಿಯಲ್ಲಿ ಗಿರಾಕಿಗೆ ಹೋಗಬೇಕಾದ ಸೋಫಾ ಇತ್ತು. ಇಳಿಸಲು ಪುರುಸೊತ್ತು ಯಾರಿಗೆ? ಅದರ ಮೇಲೇ ಮ್ಯಾನೇಜರನ್ನು ಕೂರಿಸಿ, ಪಕ್ಕದಲ್ಲಿ ನಾನು ಕೂತು, ನಾಯಿ ಡಾಕ್ಟರ ಬಳಿಗೆ ಹೊರಟೆವು. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಮ್ಯಾನೇಜರ್ ಯಾರನ್ನೂ ಲೆಕ್ಕಿಸಲಿಲ್ಲ.

ಡಾಕ್ಟರು ಮರಗಟ್ಟಿಸುವ ಔಷಧಿ ಹಾಕಿ ಸಿಬಿರು ತೆಗೆದರು. "ಕೈ ಕೊಡು ಅಂದ್ರೆ ಕೊಡ್ಬೇಕು ಅಂತ ಕಲಿಸಿದ್ದೀರಿ," ಎಂದರು. "ನೋವಿರೋದನ್ನ ಕೊಡು ಅಂತ ಕಲಿಸಿಲ್ವಲ್ಲ. ಪಾಪ, ಬಲಗೈ ಎತ್ತಬೇಕು ಅಂದ್ರೆ ಭಾರ ಎಲ್ಲ ಎಡಗಾಲ ಮೇಲೇ ಬೀಳುತ್ತೆ."

ಆ ಮಾತು ನನ್ನೆದೆಗೆ ಚುಚ್ಚಿತು. ದಿನಾ ಬೆಳಿಗ್ಗೆ ನಾನು ಕೇಳುತ್ತಿದ್ದೆ. ದಿನಾ ಬೆಳಿಗ್ಗೆ ಅವನು ಸಿಬಿರಿನ ಮೇಲೆ ನಿಂತು ಕೊಡುತ್ತಿದ್ದ.

ಮನೆಗೆ ಬಂದು ಹೇಳಿದಾಗ ಅತ್ತೆ ಅವನನ್ನು ಹತ್ತಿರ ಕರೆದು ತಲೆ ಸವರಿದರು. ಆಮೇಲೆ ಕೋಲಿಗೆ ಕೈ ಚಾಚಿದರು. "ಆ ವಿದ್ಯೆ ಕಲಿಸಿದವಳು ನಾನು. ಇನ್ಮೇಲೆ ಆ ಕಾಲಿನ ಸೇವೆ ನನ್ನದು. ನೀನು ಮುಟ್ಟಬೇಡ. ಬೋಗುಣಿ ತಾ."

ಬೋಗುಣಿ ನೆಲದ ಮೇಲೆ, ಅತ್ತೆ ಬೆತ್ತದ ಸ್ಟೂಲಿನ ಮೇಲೆ. ಮೊದಲ ದಿನ ಕಾಲು ನೆಟ್ಟಗೆ ಚಾಚಿ, ಹಲ್ಲು ಕಚ್ಚಿ ಬಗ್ಗಿ ತೊಳೆದರು. ಬೆಚ್ಚಗಿನ ನೀರಲ್ಲಿ ಪಂಜ ಹಿಡಿದು, ಬೆರಳ ಸಂದಿಯನ್ನು ಮೆಲ್ಲಗೆ ಒತ್ತಿ ಒರೆಸಿ, "ಆಯ್ತಪ್ಪ, ಆಯ್ತು ರಾಜ," ಎಂದು ಮುಲಾಮು ಹಚ್ಚಿದರು. ನನಗೆ ಒಂದು ದಿನವೂ ಸಿಗದ ದನಿ ಅದು! ನೆಕ್ಕದ ಹಾಗೆ ಅದೇ ಬೂಟು ಎಡಗಾಲಿಗೆ ಹಾಕಿದರು. ಮರುದಿನ ಇನ್ನಷ್ಟು ಹತ್ತಿರ ಬೇಕೆಂದು ಸ್ಟೂಲು ಬಿಟ್ಟು ಮಣೆ ಕೇಳಿದರು. ನಾನು ಮಣೆ ತಂದಿಟ್ಟೆ. ಮಂಡಿ ಡಾಕ್ಟರು ಗಂಟಲು ಹರಿಯುವಂತೆ ಹೇಳಿದ್ದ, ಕಾಲು ಬಗ್ಗಿಸುವ ವ್ಯಾಯಾಮವೇ ಅದು. ಅತ್ತೆಗೆ ಗೊತ್ತೇ ಇಲ್ಲ! ನಾನು ಅಂಗಡಿಗೆ ಓಡಿ, ಸ್ಪಂಜಿನ ರಾಶಿಯಲ್ಲಿ ಮುಖ ಹುದುಗಿಸಿ, ಖುಷಿಗೆ ಕೂಗಿದೆ.

ಗಾಯ ಮಾಗಿತು. ಒಂದು ಬೆಳಿಗ್ಗೆ ಅತ್ತೆ ಮಣೆಯಿಂದ ಕೋಲಿಲ್ಲದೆ ಎದ್ದರು. "ಬೂಟು ಬಿಚ್ಚು. ಇವತ್ತು ಬೆಂಚು," ಎಂದರು.

ಅಂಗಡಿಯ ಬಾಗಿಲಿಗೆ ಬಂದೆವು. ಬೀದಿಗಿಳಿಯಲು ಒಂದು ಎತ್ತರದ ಮೆಟ್ಟಿಲಿದೆ. ಮ್ಯಾನೇಜರ್ ಇಳಿದು ತಿರುಗಿ ನಿಂತ. ಅತ್ತೆ ಅಂಚಿನಲ್ಲಿ ನಿಂತು ಕೆಳಗೆ ನೋಡಿದರು.

"ಕೈ ಕೊಡು," ಎಂದರು.

ಮ್ಯಾನೇಜರ್ ತಟ್ಟನೆ ಬಲಗೈ ಎತ್ತಿದ. ಭಾರವೆಲ್ಲ ಎಡಗಾಲ ಮೇಲೆ. ನಡುಗಲಿಲ್ಲ. ಗೋಡೆ ಹುಡುಕಲಿಲ್ಲ. ಕೈ ಗಾಳಿಯಲ್ಲಿ ಹಿಡಿದು ಕಂಬದ ಹಾಗೆ ನಿಂತ.

"ವಾಸಿಯಾಯ್ತು! ರೀ, ಬನ್ರೀ, ನೋಡ್ರೀ! ಎಡಗಾಲ ಮೇಲೆ ನಿಂತಿದ್ದಾನೆ!" ನಾನು ಬೀದಿಯೇ ಕೇಳುವಂತೆ ಕಿರುಚಿ ಕುಣಿದೆ.

"ಕುಣಿದದ್ದು ಸಾಕು," ಎಂದರು ಅತ್ತೆ. ನನ್ನ ಮುಖ ನೋಡಲಿಲ್ಲ, ಮೆಟ್ಟಿಲನ್ನೇ ನೋಡುತ್ತಿದ್ದರು. "ಅವನಿಗಲ್ಲ ಕಣೇ, ನಿನಗೆ ಹೇಳಿದ್ದು."

ಯಾವ ಕೈ ಕೊಡಬೇಕೆಂದು ಒಂದು ಕ್ಷಣ ನನಗೂ ತಿಳಿಯಲಿಲ್ಲ. ಎರಡನ್ನೂ ಕೊಟ್ಟೆ.